ತಿಮಿಂಗಿಲದ ದವಡೆ ಹೊತ್ತ ಗುಡ್ಡ

ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋದಿಂದ ಪೂರ್ವ ಕರಾವಳಿಯ ರೈಲು ಹಿಡಿದವರಿಗೆ ಸುಮಾರು ಅರ್ಧ ಗಂಟೆಯಲ್ಲಿ ನಾರ್ತ್ ಬೆರಿಕ್ ಎಂಬ ಪುಟ್ಟ ಪಟ್ಟಣವು ಎದುರಾಗುತ್ತದೆ. ಊರಿಗಿಂತ ಮೊದಲು ಕಣ್ಣಿಗೆ ಬೀಳುವುದು ಅದರ ಬೆನ್ನಿಗೆ ನಿಂತ ಗುಡ್ಡ. ಸುತ್ತಲೂ ಸಮತಟ್ಟಾದ ಹೊಲಗಳು; ನಡುವೆ, ರಾಶಿ ಹಾಕಿದ ಧಾನ್ಯದಂತೆ, ಒಂಟಿಯಾಗಿ ಎದ್ದ ‘ಲಾ’. ಸ್ಕಾಟರ ನುಡಿಯಲ್ಲಿ ಈ ಪದಕ್ಕೆ ಗುಡ್ಡವೆಂದೇ ಅರ್ಥ. ಕಾನೂನಿಗೂ ಇದಕ್ಕೂ ಯಾವ ನಂಟೂ ಇಲ್ಲ.

ಇದರ ಎತ್ತರ 613 ಅಡಿ ಮಾತ್ರ. ಪರ್ವತಾರೋಹಿಗಳು ಇದನ್ನು ಲೆಕ್ಕಕ್ಕೇ ಹಿಡಿಯಲಾರರು. ಆದರೂ ಬುಡದಲ್ಲಿ ಹರಟುತ್ತ ಹೊರಟವರು ಅರ್ಧ ದಾರಿಯಲ್ಲಿ ಮೌನ ತಾಳುವುದುಂಟು. ಹುಲ್ಲಿನ ಹಾದಿ ಮುಗಿದು ಕಲ್ಲಿನ ಕಡಿದಾದ ಏರು ಆರಂಭವಾದೊಡನೆ ಉಸಿರೆಲ್ಲವೂ ಕಾಲಿಗೇ ಬೇಕಾಗುತ್ತದೆ. ಪಕ್ಕದಲ್ಲಿ ಮೇಯುವ ಎಕ್ಸ್‌ಮೂರ್ ತಳಿಯ ಗಿಡ್ಡ ಕುದುರೆಗಳಿಗೆ ಈ ಏರಿನ ಪರಿವೆಯೇ ಇಲ್ಲ.

ಮೂವತ್ತು ಕೋಟಿ ವರ್ಷಗಳಿಗೂ ಹಿಂದೆ ಇಲ್ಲೊಂದು ಜ್ವಾಲಾಮುಖಿಯಿತ್ತು. ಅದರ ಕೊರಳಿನಲ್ಲಿ ಹೆಪ್ಪುಗಟ್ಟಿದ ಶಿಲೆಯೇ ಈ ಗುಡ್ಡ. ಹಿಮಯುಗದ ನೀರ್ಗಲ್ಲು ಪಶ್ಚಿಮದಿಂದ ಹರಿದು ಬಂದು ಸುತ್ತಲಿನ ಮೆದು ಬಂಡೆಗಳನ್ನು ಉಜ್ಜಿ ಒಯ್ದಿತು. ಗಟ್ಟಿಯಾದ ಇದು ಉಳಿಯಿತು.

ನೆತ್ತಿಯ ಮೇಲೆ ಎರಡು ಕಾಲದ ಭಯದ ಗುರುತುಗಳಿವೆ. ಒಂದು, ನೆಪೋಲಿಯನ್ನನ ಹಡಗುಗಳು ಬಂದಾವೆಂದು ಕಾದವರ ಪಾಳುಮನೆ. ಇನ್ನೊಂದು, ಎರಡನೆಯ ಮಹಾಯುದ್ಧದ ಕಾವಲುಕಟ್ಟೆ. ಆದರೆ ಹತ್ತಿ ಬಂದವರು ಮೊದಲು ಓಡುವುದು ಇವುಗಳತ್ತ ಅಲ್ಲ, ಅಲ್ಲಿಯೇ ಕಮಾನಿನಂತೆ ನಿಂತಿರುವ ತಿಮಿಂಗಿಲದ ದವಡೆಯತ್ತ. 1709ರಿಂದಲೂ ಈ ನೆತ್ತಿಯ ಮೇಲೆ ದವಡೆಯೆಲುಬಿನ ಕಮಾನು ಇದ್ದಿತು. ಗಾಳಿಮಳೆಗೆ ಎಲುಬು ಶಿಥಿಲವಾದಾಗ ಬೇರೆಯದನ್ನು ತಂದು ನಿಲ್ಲಿಸಿದರು. 2005ರಲ್ಲಿ ಕೊನೆಯ ಜೋಡಿಯೂ ಕೊಳೆತು ಅಪಾಯಕಾರಿಯಾಗಲು ಇಳಿಸಲೇಬೇಕಾಯಿತು. ಮೂರು ವರ್ಷ ನೆತ್ತಿ ಬೋಳಾಗಿತ್ತು. 2008ರ ಜೂನ್‌ನಲ್ಲಿ ಹೊಸ ದವಡೆಯು ಹೆಲಿಕಾಪ್ಟರಿನಲ್ಲಿ ತೂಗಾಡುತ್ತ ಬಂದಿತು. ಅದು ಎಲುಬಲ್ಲ, ಫೈಬರ್‌ಗ್ಲಾಸ್! ಕೆಳಗಿನ ಬೀದಿಯಿಂದ ನೋಡುವವರಿಗೆ ಮಾತ್ರ ಅದೇ ಹಳೆಯ ಕಮಾನು.

ಅಲ್ಲಿಂದ ಈಶಾನ್ಯಕ್ಕೆ ತಿರುಗಿದರೆ ಕಡಲಿನಲ್ಲಿ ಬಾಸ್ ರಾಕ್. ಇದೂ ಜ್ವಾಲಾಮುಖಿಯ ಕೊರಳೇ. ಬೇಸಿಗೆಯಲ್ಲಿ ಸುಣ್ಣ ಬಳಿದಂತೆ ತೋರುವ ಆ ಬಿಳುಪು ಗ್ಯಾನೆಟ್ ಹಕ್ಕಿಗಳದು, ಅವುಗಳ ಹಿಕ್ಕೆಯದು. ಆರಡಿ ರೆಕ್ಕೆಯ ಈ ಕಡಲಹಕ್ಕಿಯ ಶಾಸ್ತ್ರೀಯ ನಾಮದಲ್ಲಿಯೂ ಬಾಸ್ ಬಂಡೆಯ ಹೆಸರು ಸೇರಿದೆ. 2014ರಲ್ಲಿ ಎಣಿಸಿದಾಗ ಇಲ್ಲಿ 75,259 ಗೂಡುತಾಣಗಳಿದ್ದವು; ಈ ಜಾತಿಯ ನೆಲೆಗಳಲ್ಲಿ ಲೋಕಕ್ಕೇ ದೊಡ್ಡದು ಎನಿಸಿತ್ತು. 2022ರ ಬೇಸಿಗೆಯಲ್ಲಿ ಹಕ್ಕಿಜ್ವರ ಬಂದಿತು. ಗೂಡುಗಳ ಮೇಲೆಯೇ ಹಕ್ಕಿಗಳು ಸತ್ತು ಬಿದ್ದವು. ಮರುವರ್ಷದ ಎಣಿಕೆ 51,844, 2024ರಲ್ಲಿ 46,045.

ಬದುಕುಳಿದವುಗಳಲ್ಲಿ ವಿಜ್ಞಾನಿಗಳು ಒಂದು ವಿಚಿತ್ರವನ್ನು ಕಂಡರು. ಗ್ಯಾನೆಟ್ಟಿನ ಕಣ್ಣು ತಿಳಿನೀಲಿ. ಜ್ವರವನ್ನು ಗೆದ್ದ ಎಷ್ಟೋ ಹಕ್ಕಿಗಳ ಕಣ್ಣು ಕಪ್ಪಾಗಿತ್ತು. ಗುಡ್ಡದ ನೆತ್ತಿಯಿಂದ ಆ ಕಣ್ಣುಗಳು ಕಾಣಿಸುವುದಿಲ್ಲ. ಏದುಸಿರು ಬಿಡುತ್ತ ದವಡೆಯ ಬಳಿ ನಿಂತವರಿಗೆ ಕಾಣುವುದು, ಮೈಲಿಗಳಾಚೆ ನೀಲಿ ಕಡಲಿನಲ್ಲಿ ಬೆಳ್ಳಗೆ ಹೊಳೆಯುವ ಬಂಡೆ.