ಬಾಲವಿಲ್ಲದ ಇಲಿ ಮುನಿದಾಗ

ಗಣಪನಿಗೂ ಇಲಿ, ಗಣಕಕ್ಕೂ ಇಲಿ! ಅಮೆರಿಕದ ಡಗ್ಲಾಸ್ ಎಂಗೆಲ್‌ಬಾರ್ಟ್ 1960ರ ದಶಕದಲ್ಲಿ ರೂಪಿಸಿದ ಮರದ ಪುಟ್ಟ ಡಬ್ಬಿಗೆ, ಬಾಲದಂತೆ ಜೋತಾಡುವ ತಂತಿಯಿಂದಾಗಿ ‘ಮೌಸ್’ ಎಂಬ ಹೆಸರು ಅಂಟಿಕೊಂಡಿತು. ಈಗ ಎಷ್ಟೋ ಮನೆಗಳಲ್ಲಿ ಆ ಬಾಲವೂ ಮಾಯ. ತಂತಿ ಮಾಡುತ್ತಿದ್ದ ಕೆಲಸವನ್ನು ರೇಡಿಯೊ ಅಲೆಗಳು ವಹಿಸಿಕೊಂಡಿವೆ. ತೊಂದರೆಯ ಮೂಲವೂ ಅಲ್ಲೇ.

ಮಗ ಜೆಇಇ ಮಾದರಿ ಪರೀಕ್ಷೆ ಬರೆಯುತ್ತಿದ್ದಾನೆ ಎನ್ನಿ. ತೆರೆಯ ಮೇಲಿನ ಬಾಣ ನಿಂತಲ್ಲೇ ನಿಲ್ಲುತ್ತದೆ. ಗಡಿಯಾರ ಮಾತ್ರ ಓಡುತ್ತಲೇ ಇರುತ್ತದೆ. ‘ಬಿಸಾಕು ಅತ್ಲಾಗೆ, ಹೊಸದು ತರೋಣ’ ಎನ್ನುತ್ತಾರೆ ತಂದೆ. ದೇವನಹಳ್ಳಿ ತಾಲ್ಲೂಕಿನ ನಲ್ಲೂರಿನಂಥ ಊರಿನವರು ಅದಕ್ಕಾಗಿ ಪೇಟೆಗೇ ಹೋಗಬೇಕು. ದುಡ್ಡು ಕೊಟ್ಟು ತಂದದ್ದೂ ಹಾಗೆಯೇ ಹಟ ಹಿಡಿದರೆ? ಹಿಡಿಯುವುದುಂಟು. ಏಕೆಂದರೆ ಎಷ್ಟೋ ಸಲ ಕೆಟ್ಟಿರುವುದು ಮೌಸ್ ಅಲ್ಲವೇ ಅಲ್ಲ.

ಹಾಗಾದರೆ ಕಳ್ಳನನ್ನು ಹಿಡಿಯುವುದು ಹೇಗೆ? ಮೊದಲು ಕಿವಿಗೊಡಬೇಕು. ವಿಂಡೋಸ್ ಗಣಕದಿಂದ ಪೆನ್‌ಡ್ರೈವ್ ಕಿತ್ತಾಗ ಸ್ಪೀಕರ್‌ನಲ್ಲಿ ಒಂದು ಪುಟ್ಟ ದನಿ ಕೇಳುತ್ತದಲ್ಲವೆ? ಬಾಣ ನಿಂತ ಗಳಿಗೆಯಲ್ಲಿ ಅದೇ ದನಿ ಬಂದರೆ, ಉಗುರಿನಷ್ಟಗಲದ ಆ ರಿಸೀವರ್‌ಗೂ ಗಣಕಕ್ಕೂ ನಡುವೆ ಸಂಪರ್ಕ ತಪ್ಪಿದೆ ಎಂದರ್ಥ. ದನಿಯಿಲ್ಲದೆ ನಿಂತರೆ ಜಗಳ ಇರುವುದು ಮೌಸ್‌ಗೂ ರಿಸೀವರ್‌ಗೂ ನಡುವೆ. ಇಷ್ಟು ತಿಳಿದರೆ ಅರ್ಧ ಕೆಲಸ ಮುಗಿಯಿತು. (ರಿಸೀವರ್ ಇಲ್ಲದ ಬ್ಲೂಟೂತ್ ಮೌಸ್‌ಗೆ ಈ ಪರೀಕ್ಷೆ ಹೊಂದದು.)

ದನಿ ಬಂದರೆ ರಿಸೀವರನ್ನು ಬೇರೆ ಕಿಂಡಿಗೆ ಹಾಕಿ ನೋಡಬೇಕು. ಸಡಿಲ ಕಿಂಡಿ ಸಾಮಾನ್ಯ ಕಾರಣ. ವಿದ್ಯುತ್ ಉಳಿಸಲೆಂದು ಗಣಕವೇ ಕಿಂಡಿಯನ್ನು ನಿದ್ದೆಗೆ ದೂಡುವುದೂ ಉಂಟು. ಡಿವೈಸ್ ಮ್ಯಾನೇಜರ್‌ನಲ್ಲಿ ಯುಎಸ್‌ಬಿ ರೂಟ್ ಹಬ್‌ನ ಪವರ್ ಮ್ಯಾನೇಜ್‌ಮೆಂಟ್ ಪುಟಕ್ಕೆ ಹೋಗಿ ಅಲ್ಲಿರುವ ಅನುಮತಿಯ ಗುರುತನ್ನು ತೆಗೆದರೆ ಸರಿ.

ದನಿ ಬರದಿದ್ದರೆ ಕಥೆ ಸ್ವಾರಸ್ಯವಾಗುತ್ತದೆ. ಮೌಸ್ ಮಾತಾಡುವುದು 2.4 ಗಿಗಾಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ ಸುಮಾರು 240 ಕೋಟಿ ಕಂಪನಗಳ ಅಲೆಯಲ್ಲಿ. ಭಾರತದಲ್ಲಿ 2005ರಲ್ಲಿ ಲೈಸೆನ್ಸ್ ಬೇಡವೆಂದು ಬಿಟ್ಟುಕೊಟ್ಟ ಪಟ್ಟಿ ಇದು. ಸಂತೆಮಾಳದಂತೆ ಎಲ್ಲರಿಗೂ ಮುಕ್ತ. ವೈ-ಫೈ, ಬ್ಲೂಟೂತ್, ಮೈಕ್ರೊವೇವ್ ಒಲೆ, ಎಲ್ಲಕ್ಕೂ ಅದೇ ಜಾಗ. ಮೌಸ್ ಹೊರಡಿಸುವ ಶಕ್ತಿಯೋ ಒಂದು ಮಿಲಿವಾಟ್ ಆಸುಪಾಸು. ಗದ್ದಲದ ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗ ಪಿಸುಗುಟ್ಟಿದರೆ ಮೇಷ್ಟರಿಗೆ ಕೇಳೀತೆ?

ಇನ್ನೊಬ್ಬ ಗದ್ದಲಗಾರ ಪೆಟ್ಟಿಗೆಯಲ್ಲೇ ಅಡಗಿದ್ದಾನೆ. ವೇಗದ ಯುಎಸ್‌ಬಿ 3.0 ಕಿಂಡಿ, ತಂತಿ, ಡ್ರೈವ್‌ಗಳು ಕೆಲಸ ಮಾಡುವಾಗ ಇದೇ ಪಟ್ಟಿಯಲ್ಲಿ ರೇಡಿಯೊ ಗದ್ದಲ ಎಬ್ಬಿಸುತ್ತವೆ ಎಂದು ಇಂಟೆಲ್ ಕಂಪನಿಯೇ 2012ರಲ್ಲಿ ಪ್ರಕಟಿಸಿದ ವರದಿಯಲ್ಲಿ ತೋರಿಸಿತು. ಹಾರ್ಡ್‌ಡಿಸ್ಕ್‌ನಿಂದ ಸಿನಿಮಾ ನಕಲಾಗುತ್ತಿರುವಾಗಲೇ ಬಾಣ ತಡವರಿಸಿದರೆ ಇವನೇ ಆಸಾಮಿ. ಒಳಗೆ ನೀಲಿ ಬಣ್ಣವಿರುವ ಕಿಂಡಿ ಸಾಮಾನ್ಯವಾಗಿ 3.0. ರಿಸೀವರನ್ನು ಅದರಿಂದ ದೂರದ ಕಪ್ಪು ಕಿಂಡಿಗೆ ಬದಲಿಸಬೇಕು. ಅದಕ್ಕಿಂತ ಒಳ್ಳೆಯದು ಚಿಕ್ಕದೊಂದು ಎಕ್ಸ್‌ಟೆನ್ಷನ್ ತಂತಿ ಹಾಕಿ ರಿಸೀವರನ್ನು ಮೌಸ್‌ನ ಎದುರಿಗೇ ತಂದಿಡುವುದು. ಗಣಕದ ಬೆನ್ನಿಗೆ ಸಿಕ್ಕಿಸಿ, ನಡುವೆ ಕಬ್ಬಿಣದ ಮೇಜು ಇಟ್ಟರೆ ಅಲೆಗೆ ದಾರಿಯೆಲ್ಲಿ?

ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂಬುದನ್ನು ಮಾತ್ರ ಮರೆಯಬಾರದು. ಕಿಂಡಿ, ಬ್ಯಾಟರಿ, ಜಾಗ ಮೂರನ್ನೂ ಒಟ್ಟಿಗೆ ಬದಲಿಸಿದರೆ ಮೌಸ್ ಸರಿಹೋದೀತು, ಕಾರಣ ತಿಳಿಯದು.

ಬ್ಯಾಟರಿಯ ವಿಷಯ. ಸೊರಗಿದ ಬ್ಯಾಟರಿಯಲ್ಲೂ ಕೆಂಪು ದೀಪ ಉರಿಯಬಹುದು. ರೇಡಿಯೊ ಹೊರಡಿಸಲು ಬೇಕಾದ ಶಕ್ತಿ ಇರದು. ಲೋಹದ ತುದಿಗಳಲ್ಲಿ ಬಿಳಿ ಪುಡಿ ಕಟ್ಟಿದ್ದರೆ ಅದು ಆಲ್ಕಲೈನ್ ಬ್ಯಾಟರಿಯಿಂದ ಸೋರಿದ ಕ್ಷಾರದ ಫಲ. ಕ್ಷಾರಕ್ಕೆ ಆಮ್ಲವೇ ಮದ್ದು. ನಲ್ಲೂರಿನವರಿಗೆ ಆಮ್ಲಕ್ಕೇನು ಬರ? ಅಲ್ಲಿನ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆನಿಸಿತು. ಹಿತ್ತಾಳೆ ಬಿಂದಿಗೆ ಬೆಳಗುವ ಹುಣಸೆಯಲ್ಲಿರುವುದು ಟಾರ್ಟಾರಿಕ್ ಆಮ್ಲ. ಆದರೆ ಹುಣಸೆ ರಸ ಅಂಟು ಉಳಿಸುವುದರಿಂದ ಇಲ್ಲಿ ನಿಂಬೆರಸವೇ ವಾಸಿ. ಬ್ಯಾಟರಿ ತೆಗೆದು, ಪುಡಿ ಕೈಗೂ ಕಣ್ಣಿಗೂ ತಾಗದಂತೆ, ಹತ್ತಿಗೆ ಒಂದೇ ಹನಿ ಹಾಕಿ ಒರೆಸಬೇಕು. ಆಮೇಲೆ ಒದ್ದೆ ಹತ್ತಿಯಿಂದ ಇನ್ನೊಮ್ಮೆ ಒರೆಸಿ, ಪೂರ್ತಿ ಒಣಗಿದ ಮೇಲೆ ಹೊಸ ಬ್ಯಾಟರಿ ಹಾಕಬೇಕು.

ಇನ್ನು ಬಾಲವುಳ್ಳ ಹಳೆಯ ಮೌಸ್ ಆಗಾಗ ಸತ್ತು ಬದುಕುತ್ತಿದ್ದರೆ, ತಂತಿಯನ್ನು ಕುತ್ತಿಗೆಯ ಬಳಿ ಮೆಲ್ಲಗೆ ಬಾಗಿಸಿ ನೋಡಿ. ದೀಪ ಮಿನುಗಿದರೆ ಒಳಗಿನ ನಾಲ್ಕು ಎಳೆಗಳಲ್ಲಿ ಒಂದು ಮುರಿದಿದೆ. ಮುರಿದಿಲ್ಲವಾದರೆ ಅದನ್ನು ಎಸೆಯದೆ ಮೇಜಿನ ಖಾನೆಯಲ್ಲಿಡಿ, ಮಾದರಿ ಪರೀಕ್ಷೆಯ ದಿನ ಬೇಕಾಗುತ್ತದೆ.