ಅಳಿಸಿದ ಹೆಸರು: ಎಮಿಲಿ ಡಿಕಿನ್ಸನ್ ಮತ್ತು ಸಾಹಿತ್ಯದ ತರಗತಿ

ಅಮೆರಿಕದ ಕವಯಿತ್ರಿ ಎಮಿಲಿ ಡಿಕಿನ್ಸನ್ (1830–1886) ಸಾಹಿತ್ಯದ ತರಗತಿಗಳಲ್ಲಿ ಬಹುಕಾಲ ಪರಿಚಿತಳಾದುದು ಬಿಳಿಯುಡುಗೆಯ ಏಕಾಂತವಾಸಿಯಾಗಿ, ಅಜ್ಞಾತ ಪುರುಷನಿಗಾಗಿ ಹಂಬಲಿಸಿದ ಅವಿವಾಹಿತೆಯಾಗಿ. ಆಕೆ ಸುಮಾರು 250 ಕವಿತೆಗಳನ್ನು ಕಳುಹಿಸಿದ್ದು ಮಾತ್ರ ನೆರೆಮನೆಯ ಅತ್ತಿಗೆ ಸೂಸನ್ ಗಿಲ್ಬರ್ಟಳಿಗೆ.

ತರಗತಿಯ ಈ ಮೌನಕ್ಕೆ ಹಸ್ತಪ್ರತಿಗಳಲ್ಲೇ ಪೂರ್ವೇತಿಹಾಸವಿದೆ. ಅಣ್ಣ ಆಸ್ಟಿನ್‌ಗೆ ಬರೆದ ಪತ್ರಗಳಲ್ಲಿ ಸೂಸನ್ನಳ ಉಲ್ಲೇಖಗಳನ್ನು ಕೆರೆದು ಅಳಿಸಲಾಗಿದೆ. ಆಕೆಯನ್ನು ಕುರಿತ ಕವಿತೆಯೊಂದಕ್ಕೆ ಮಸಿ ಬಳಿಯಲಾಗಿದೆ. ಅದು ಯಾರ ಕೈ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. 1890ರ ಪ್ರಥಮ ಸಂಕಲನದ ಸಂಪಾದಕರಲ್ಲೊಬ್ಬಳಾದ ಮೇಬಲ್ ಲೂಮಿಸ್ ಟಾಡ್, ಸೂಸನ್ನಳ ಪತಿಯಾದ ಇದೇ ಆಸ್ಟಿನ್‌ನ ಪ್ರೇಯಸಿಯಾಗಿದ್ದಳೆಂಬುದು ಗಮನಾರ್ಹ.

ಡಿಕಿನ್ಸನ್‌ಳ ಅನುರಾಗಕ್ಕೆ ಇಂದಿನ ಪರಿಭಾಷೆಯನ್ನು ಅಂಟಿಸಲೇಬೇಕೆಂದಿಲ್ಲ. ಆದರೆ ಮೂರು ಕರಡು ಪತ್ರಗಳ, ಗುರುತೇ ನಿಶ್ಚಿತವಾಗದ 'ಮಾಸ್ಟರ್'ನನ್ನು ಹುಡುಕಲು ಸಮಯವಿರುವ ಪಾಠಕ್ರಮವು ಸೂಸನ್ನಳನ್ನು ಅಡಿಟಿಪ್ಪಣಿಗೆ ತಳ್ಳುವುದು ಪಠ್ಯನಿಷ್ಠೆಯೆನಿಸದು. ಆಕೆಗೆ ಬರೆದ ಪತ್ರ–ಕವಿತೆಗಳ ಪ್ರತ್ಯೇಕ ಸಂಪುಟ 1998ರಿಂದಲೇ ಗ್ರಂಥಾಲಯಗಳಿಗೆ ಲಭ್ಯವಿದೆ.