ಮನೆಪತ್ರ ಓದುವ ವಕೀಲರು ಯಾರ ಕಡೆಯವರು?

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಹುಟ್ಟಿದ ಕಾಲದಲ್ಲಿ ಮನೆ ಕಟ್ಟುವವರೇ ಹೆಚ್ಚು, ಕೊಳ್ಳುವವರು ಅಪರೂಪ. ನಗರಗಳಲ್ಲಿ ಈಗ ಲೆಕ್ಕ ತಿರುಗಿದೆ. ಬೇರೆಯವರು ಕಟ್ಟಿಸಿದ ಮನೆ, ಬೇರೆಯವರು ಮಾಡಿದ ಬಡಾವಣೆಯ ನಿವೇಶನ, ಯಾರದೋ ಹೊಲದ ಮೇಲೆ ಎದ್ದ ಅಪಾರ್ಟ್‌ಮೆಂಟ್ ಕೊಳ್ಳುವುದೇ ವಾಡಿಕೆಯಾಗಿದೆ. ಇಪ್ಪತ್ತು ವರ್ಷ ಕಂತು ಕಟ್ಟಲು ಸಿದ್ಧವಾದ ಕುಟುಂಬವು ಬಾಗಿಲಿನ ಮರ, ನೀರಿನ ಸೌಕರ್ಯ, ವಾಸ್ತು ಎಲ್ಲವನ್ನೂ ಹತ್ತು ಸಲ ನೋಡುತ್ತದೆ. ಕಾಗದಪತ್ರ ನೋಡುವ ಕೆಲಸವನ್ನು ಮಾತ್ರ ದಲ್ಲಾಳಿ ತೋರಿಸಿದವರಿಗೆ ಒಪ್ಪಿಸಿ ನಿಶ್ಚಿಂತವಾಗುತ್ತದೆ. ಅನೇಕ ವ್ಯಾಜ್ಯಗಳ ಬೇರು ಇರುವುದು ಇಲ್ಲಿಯೇ.

ಅಷ್ಟಭೋಗದ ಮಾತು

ಕನ್ನಡದಲ್ಲಿ ಬರೆದ ಕ್ರಯಪತ್ರಗಳಲ್ಲಿ ಇಂದಿಗೂ ‘ನಿಧಿ, ನಿಕ್ಷೇಪ, ಜಲ, ಪಾಷಾಣ’ ಎಂದು ಆರಂಭವಾಗುವ ಪದಗಳ ಸಾಲೊಂದು ಕಾಣಸಿಗುತ್ತದೆ. ವಿಜಯನಗರ ಕಾಲದ ದಾನಶಾಸನಗಳಲ್ಲಿ ಬರುವ ‘ಅಷ್ಟಭೋಗ ತೇಜಸ್ವಾಮ್ಯ’ದ ಪಟ್ಟಿ ಇದು. ನೆಲದಲ್ಲಿ ಸಿಕ್ಕ ನಿಧಿ, ಹೂತಿಟ್ಟ ಹಣ, ನೀರು, ಕಲ್ಲು, ಈಗಿನ ಆದಾಯ, ಮುಂದಿನ ಆದಾಯ ಎಲ್ಲವೂ ಪಡೆದವನಿಗೇ ಸೇರತಕ್ಕದ್ದು ಎಂಬುದು ಇದರ ತಾತ್ಪರ್ಯ. ಆ ಶಾಸನಗಳಲ್ಲಿ ನಾಲ್ಕು ದಿಕ್ಕಿನ ಎಲ್ಲೆಗಳಿರುತ್ತಿದ್ದವು. ಕೊನೆಯಲ್ಲಿ ಭೂಮಿ ಕಸಿದವನಿಗೆ ಶಾಪ ಇರುತ್ತಿತ್ತು. ಇಂದಿನ ಕ್ರಯಪತ್ರದಲ್ಲಿ ಎಲ್ಲೆಯ ಜಾಗದಲ್ಲಿ ಚಕ್ಕುಬಂದಿ ಇದೆ. ಶಾಪದ ಜಾಗದಲ್ಲಿ, ಮುಂದೆ ತಕರಾರು ಬಂದರೆ ಸ್ವಂತ ಖರ್ಚಿನಿಂದ ಪರಿಹರಿಸಿಕೊಡುವುದಾಗಿ ಮಾರುವವರು ಕೊಡುವ ಮಾತು ಇದೆ. ಆದರೆ ಅಂದಿನ ಶಾಸನವಾಗಲಿ ಇಂದಿನ ಪತ್ರವಾಗಲಿ ಒಂದು ಪ್ರಶ್ನೆಗೆ ತಾನೇ ಉತ್ತರ ಹೇಳಲಾರದು. ಕೊಡುವವರಿಗೆ ಕೊಡುವ ಹಕ್ಕು ಇತ್ತೇ?

ಹಿಂದೆ ಹಳ್ಳಿಗಳಲ್ಲಿ ಈ ಪ್ರಶ್ನೆಗೆ ಉತ್ತರ ಶ್ಯಾನುಭೋಗರ ಬಳಿ ಇರುತ್ತಿತ್ತು. ಯಾವ ಹೊಲ ಯಾರಿಂದ ಯಾರಿಗೆ ಬಂತು, ಅಣ್ಣತಮ್ಮಂದಿರಲ್ಲಿ ಯಾರ ಪಾಲು ಎಲ್ಲಿಯವರೆಗೆ ಎಂಬುದು ಅವರ ಕಡತದಲ್ಲಿ, ಅದಕ್ಕಿಂತ ಹೆಚ್ಚಾಗಿ ಅವರ ನೆನಪಿನಲ್ಲಿ ಇರುತ್ತಿತ್ತು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಮಾಡುವ ಕಾಯ್ದೆ 1961ರಲ್ಲಿ ಬಂತು. ನೆನಪಿನ ಜಾಗಕ್ಕೆ ಕಚೇರಿಯ ದಾಖಲೆ ಬಂದಿತು. ಪಟ್ಟಣಗಳಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರಿನ ಪತ್ರಬರಹಗಾರರು ಜನರ ಪಾಲಿಗೆ ತಜ್ಞರಾದರು. ಛಾಪಾ ಕಾಗದ, ಶುಲ್ಕ, ಒಕ್ಕಣೆಯ ವಿಷಯದಲ್ಲಿ ಅವರ ಅನುಭವ ದೊಡ್ಡದು. ಆದರೆ ಹೇಳಿದ್ದನ್ನು ಕ್ರಮವಾಗಿ ಬರೆದುಕೊಡುವುದು ಅವರ ಕೆಲಸ. ಹೇಳಿದ್ದು ನಿಜವೇ ಎಂದು ಶೋಧಿಸುವುದು ಅಲ್ಲ.

ನೋಂದಣಿ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯನ್ನು ನೋಂದಾಯಿತ ಪತ್ರದ ಮೂಲಕವೇ ಮಾರಬೇಕು ಎನ್ನುತ್ತದೆ 1882ರ ಸ್ವತ್ತು ಹಸ್ತಾಂತರ ಕಾಯ್ದೆ. ಹೀಗಾಗಿ ‘ರಿಜಿಸ್ಟರ್ ಆಯಿತು’ ಎಂದರೆ ಎಲ್ಲವೂ ಮುಗಿಯಿತು ಎಂಬ ನಂಬಿಕೆ ಬೆಳೆದಿದೆ. ಇಂಗ್ಲೆಂಡಿನ ಭೂ ನೋಂದಣಿ ಕಚೇರಿ ಮಾಲೀಕತ್ವವನ್ನೇ ದಾಖಲಿಸುತ್ತದೆ; ದಾಖಲೆಯಲ್ಲಿನ ತಪ್ಪಿನಿಂದ ನಷ್ಟವಾದರೆ ಪರಿಹಾರ ಕೊಡುವ ವ್ಯವಸ್ಥೆಯೂ ಅಲ್ಲಿದೆ. ನಮ್ಮಲ್ಲಿ 1908ರ ನೋಂದಣಿ ಕಾಯ್ದೆಯಂತೆ ನೋಂದಣಿಯಾಗುವುದು ಪತ್ರ, ಮಾಲೀಕತ್ವವಲ್ಲ. ಬರೆದುಕೊಡುವವರಿಗೆ ಹಕ್ಕು ಇದೆಯೇ ಎಂದು ತೀರ್ಮಾನಿಸುವುದು ನೋಂದಣಾಧಿಕಾರಿಯ ಕೆಲಸವಲ್ಲ ಎಂದು ಸುಪ್ರೀಂ ಕೋರ್ಟ್ ತಮಿಳುನಾಡಿನ ಪ್ರಕರಣವೊಂದರಲ್ಲಿ 2025ರಲ್ಲಿ ಮತ್ತೆ ಸ್ಪಷ್ಟಪಡಿಸಿತು.

ಇಸಿ ಎಂದೇ ಎಲ್ಲರೂ ಕರೆಯುವ ಋಣಭಾರ ಪತ್ರಕ್ಕೂ ಮಿತಿಯಿದೆ. ಸ್ಥಿರಾಸ್ತಿಗೆ ಸಂಬಂಧಿಸಿ ನೋಂದಣಿಯಾದ ವ್ಯವಹಾರಗಳನ್ನಷ್ಟೇ ಅದು ತೋರಿಸುತ್ತದೆ. ಉಯಿಲು, ನೋಂದಣಿಯಾಗದ ಪಾಲು ಪಾರೀಖತ್ತು, ನ್ಯಾಯಾಲಯದಲ್ಲಿ ನಡೆಯುತ್ತಿರುವ ದಾವೆ ಸಾಮಾನ್ಯವಾಗಿ ಅದರಲ್ಲಿ ಕಾಣಿಸುವುದಿಲ್ಲ. ಆದರೆ ದಾವೆ ನಡೆಯುವಾಗ ಕೊಂಡವರು ಅದರ ತೀರ್ಪಿಗೆ ಬದ್ಧರಾಗಬೇಕಾಗುತ್ತದೆ. ವಿಚಾರಿಸಿದ್ದರೆ ತಿಳಿಯಬಹುದಾಗಿದ್ದ ಸಂಗತಿಯನ್ನು ಕೊಳ್ಳುವವರು ತಿಳಿದೇ ಇದ್ದರು ಎಂದು ಕಾನೂನು ಭಾವಿಸುತ್ತದೆ. ‘ನಮಗೆ ಗೊತ್ತಿರಲಿಲ್ಲ’ ಎಂಬ ಮಾತು ಕೋರ್ಟಿನಲ್ಲಿ ಹೆಚ್ಚು ದೂರ ನಡೆಯದು.

ವಕೀಲರು ಹುಡುಕುವುದೇನನ್ನು?

ಮೂವತ್ತು ವರ್ಷಗಳ ಪತ್ರ ತನ್ನಿ ಎಂದು ವಕೀಲರು ಕೇಳುವುದು ಬರಿಯ ಸಂಪ್ರದಾಯವಲ್ಲ. 1963ರ ಕಾಲಪರಿಮಿತಿ ಕಾಯ್ದೆಯಲ್ಲಿ ಅಡಮಾನ ಬಿಡಿಸಿಕೊಳ್ಳುವ ದಾವೆಗೂ, ಸರ್ಕಾರ ಹೂಡುವ ದಾವೆಗಳಿಗೂ ಸಾಮಾನ್ಯವಾಗಿ 30 ವರ್ಷದ ಗಡುವು ಇದೆ. ಅಷ್ಟು ಹಿಂದಿನಿಂದ ಕೈಬದಲಾವಣೆಯ ಕೊಂಡಿ ಎಲ್ಲಿಯೂ ಕಳಚಿಲ್ಲ ಎಂಬುದನ್ನು ಮೂಲಪತ್ರಗಳಿಂದ ನೋಡಬೇಕು.

ಕೊಂಡಿ ಕಳಚುವ ಜಾಗಗಳು ಅನುಭವಿ ವಕೀಲರಿಗೆ ಗೊತ್ತಿರುತ್ತವೆ. ಮೊದಲನೆಯದು ಮನೆಯ ಹೆಣ್ಣುಮಕ್ಕಳ ಪಾಲು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮಾನ ಹಕ್ಕು ಕರ್ನಾಟಕದಲ್ಲಿ 1994ರಲ್ಲೇ ಬಂತು; 2005ರ ತಿದ್ದುಪಡಿಯಿಂದ ಮದುವೆಯಾದವರೂ ಸೇರಿ ಇಡೀ ದೇಶಕ್ಕೆ ವಿಸ್ತರಿಸಿತು. ತಿದ್ದುಪಡಿಯ ದಿನ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಣ್ಣತಮ್ಮಂದಿರು ಮಾತ್ರ ಸಹಿ ಮಾಡಿ ಮಾರಿದ ನಿವೇಶನದ ಮೇಲೆ ತಂಗಿಯ ದಾವೆ ಬರಬಹುದಾದದ್ದು ಹೀಗೆ.

ಎರಡನೆಯದು, ಸರ್ಕಾರ ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರು ಮಾಡಿದ ಜಮೀನು. ಸರ್ಕಾರದ ಅನುಮತಿಯಿಲ್ಲದೆ ಇದನ್ನು ಪರಭಾರೆ ಮಾಡುವುದನ್ನು 1978ರ ಪಿಟಿಸಿಎಲ್ ಕಾಯ್ದೆ ನಿಷೇಧಿಸಿದೆ. ಬಡವರ ಭೂಮಿ ಕೈಬಿಟ್ಟು ಹೋಗದಿರಲೆಂದು ಬಂದ ಕಾಯ್ದೆ ಇದು. ಮೂಲ ಮಂಜೂರಾತಿ ನೋಡದೆ ಕೊಂಡವರು ಅದರ ಎದುರು ನಿಲ್ಲಬೇಕಾಗುತ್ತದೆ. ಮೂರನೆಯದು ಜಿಪಿಎ. ಅಧಿಕಾರಪತ್ರ, ಕರಾರು, ಉಯಿಲು ಮೂರನ್ನೂ ಜೋಡಿಸಿದರೂ ಮಾಲೀಕತ್ವ ಬರುವುದಿಲ್ಲವೆಂದು 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕೃಷಿ ಜಮೀನಿನ ಮೇಲೆ ಎದ್ದ ಬಡಾವಣೆಯಾದರೆ ಭೂಪರಿವರ್ತನೆ ಮತ್ತು ವಿನ್ಯಾಸದ ಮಂಜೂರಾತಿಯನ್ನೂ ನೋಡಬೇಕು. ಖಾತೆ ಹೆಸರಿನಲ್ಲಿದ್ದರೆ ಸಾಕು ಎನ್ನುವಂತಿಲ್ಲ. ಖಾತೆ ತೆರಿಗೆಯ ದಾಖಲೆಯೇ ಹೊರತು ಹಕ್ಕುಪತ್ರವಲ್ಲ.

ಆಯ್ಕೆ ಹೇಗೆ?

ಇಷ್ಟನ್ನು ನೋಡಬೇಕಾದವರು ಯಾರ ಕಡೆಯವರಾಗಿರಬೇಕು ಎಂಬುದು ಮೊದಲ ಪ್ರಶ್ನೆ. ಬಿಲ್ಡರು ತೋರಿಸುವ ವಕೀಲರಿಗೆ ಮುಂದಿನ ಕೆಲಸ ಬರಬೇಕಾದದ್ದು ಬಿಲ್ಡರಿಂದಲೇ. ದಲ್ಲಾಳಿಗೆ ಕಮಿಷನ್ ಬರುವುದು ವ್ಯಾಪಾರ ಕುದುರಿದರೆ ಮಾತ್ರ. ಬ್ಯಾಂಕು ಸಾಲ ಕೊಟ್ಟಿದೆಯಲ್ಲ ಎಂಬ ಸಮಾಧಾನವೂ ಸಾಲದು. ಬ್ಯಾಂಕಿನ ವಕೀಲರು ಅಭಿಪ್ರಾಯ ಕೊಡುವುದು ಬ್ಯಾಂಕಿಗೆ. ಮನೆ ವ್ಯಾಜ್ಯಕ್ಕೆ ಸಿಕ್ಕಿದರೂ ಕಂತು ನಿಲ್ಲುವುದಿಲ್ಲ. ಆದ್ದರಿಂದ ಕೊಳ್ಳುವವರು ತಾವೇ ಗೊತ್ತುಮಾಡಿ ತಾವೇ ಶುಲ್ಕ ಕೊಡುವ ವಕೀಲರೊಬ್ಬರು ಬೇಕು. ಅದೂ ಮುಂಗಡ ಕೊಟ್ಟ ಮೇಲಲ್ಲ, ಕೊಡುವ ಮುನ್ನ.

ವಕೀಲರು ಜಾಹೀರಾತು ನೀಡಿ ಕೆಲಸ ಕೇಳುವುದಕ್ಕೆ ಬಾರ್ ಕೌನ್ಸಿಲ್ ನಿಯಮಗಳ ನಿರ್ಬಂಧವಿದೆ. ಹೀಗಾಗಿ ಅದೇ ಬಡಾವಣೆಯಲ್ಲಿ, ಅದೇ ತಾಲ್ಲೂಕಿನಲ್ಲಿ ಆಸ್ತಿ ಕೊಂಡವರನ್ನು ವಿಚಾರಿಸುವುದೇ ಒಳ್ಳೆಯ ದಾರಿ. ಕ್ರಿಮಿನಲ್ ಮೊಕದ್ದಮೆಗಳಲ್ಲಿ ಹೆಸರು ಮಾಡಿದವರಿಗಿಂತ ಸಿವಿಲ್ ದಾವೆಗಳಲ್ಲಿ, ಅದರಲ್ಲೂ ಪಾಲು ದಾವೆಗಳಲ್ಲಿ ಪಳಗಿದವರು ಈ ಕೆಲಸಕ್ಕೆ ಮೇಲು. ಪತ್ರ ಎಲ್ಲಿ ಒಡೆಯುತ್ತದೆ ಎಂಬುದನ್ನು ಅವರು ಕೋರ್ಟಿನಲ್ಲಿ ಕಂಡಿರುತ್ತಾರೆ.

ಊರಿನ ಪರಿಚಯವೂ ಮುಖ್ಯ. ಹೈದರಾಬಾದ್ ಕರ್ನಾಟಕದ ಹಳೆಯ ದಾಖಲೆ ಉರ್ದುವಿನಲ್ಲಿರಬಹುದು, ಮುಂಬೈ ಕರ್ನಾಟಕದ್ದು ಮೋಡಿ ಲಿಪಿಯಲ್ಲಿರಬಹುದು. ಮಂಗಳೂರು ಕಡೆ ಮನೆ ಒಬ್ಬರದು, ಅಡಿಯ ನೆಲ ಮೂಲಗೇಣಿಯ ಒಡೆಯರದು ಎಂಬಂತಹ ಸ್ಥಿತಿ ಎದುರಾಗಬಹುದು. ಕೊಡಗಿನ ಜಮ್ಮಾ ಭೂಮಿಯಲ್ಲಿ ಇಡೀ ಒಕ್ಕದ ಹಕ್ಕಿನ ಪ್ರಶ್ನೆ ಏಳುತ್ತದೆ. ಬೆಂಗಳೂರಿನ ನಿವೇಶನ ನೋಡಿದ ಕಣ್ಣಿಗೆ ಇವೆಲ್ಲ ಕಾಣುತ್ತವೆ ಎನ್ನಲಾಗದು.

ಶುಲ್ಕವನ್ನು ಮೊದಲೇ ಮಾತಾಡಿಕೊಳ್ಳಬೇಕು. ವ್ಯಾಪಾರ ಆದರೂ ಆಗದಿದ್ದರೂ ಅದು ಸಲ್ಲುವಂತಿರಬೇಕು. ಕ್ರಯ ನಡೆದರೆ ಮಾತ್ರ ಹಣ ಎಂದರೆ ‘ಬೇಡ’ ಎಂದು ಹೇಳುವುದು ಯಾರಿಗೂ ಕಷ್ಟ. ಯಾವ ಯಾವ ಪತ್ರ ನೋಡಿದರು, ಯಾವುದು ಸಿಗಲಿಲ್ಲ, ಇನ್ನೂ ಯಾರ ಸಹಿ ಬೇಕು ಎಂಬುದನ್ನೆಲ್ಲ ಒಳಗೊಂಡ ಅಭಿಪ್ರಾಯವನ್ನು ಬರಹದಲ್ಲಿ ಕೇಳಿ ಪಡೆಯಬೇಕು. ಮೂಲಪತ್ರ ಬಿಟ್ಟು ಜೆರಾಕ್ಸ್ ನೋಡಿಯೇ ‘ಎಲ್ಲ ಸರಿ ಇದೆ’ ಎನ್ನುವವರಿಂದ ದೂರವಿರುವುದು ಲೇಸು. ಪತ್ರಿಕೆಗಳ ಒಳಪುಟದಲ್ಲಿ ಸಣ್ಣ ಅಕ್ಷರಗಳಲ್ಲಿ ಬರುವ, ತಕರಾರಿದ್ದವರು ಇಷ್ಟು ದಿನಗಳೊಳಗೆ ತಿಳಿಸಬೇಕೆಂಬ ಸಾರ್ವಜನಿಕ ಪ್ರಕಟಣೆ ಹಲವರಿಗೆ ಬರಿಯ ಶಾಸ್ತ್ರವಾಗಿ ಕಾಣಬಹುದು. ಇಸಿಯಲ್ಲಿ ಕಾಣದ ಹಕ್ಕುದಾರರನ್ನು ಹೊರಗೆಳೆಯಲು ಇರುವ ಕೆಲವೇ ದಾರಿಗಳಲ್ಲಿ ಅದೂ ಒಂದು.

ಮಾರುವವರಿಗೂ ಸಲಹೆ ಬೇಕು

ವಕೀಲರ ಅಗತ್ಯ ಕೊಳ್ಳುವವರಿಗೆ ಮಾತ್ರ ಎಂಬುದೂ ತಪ್ಪು ತಿಳಿವಳಿಕೆ. ಆಸ್ತಿಯಲ್ಲಿರುವ, ಮೇಲ್ನೋಟಕ್ಕೆ ಕಾಣದ ದೋಷವನ್ನು ತಿಳಿಸುವುದು ಮಾರುವವರ ಹೊಣೆ. ತಕರಾರು ಬಂದರೆ ಪರಿಹರಿಸಿಕೊಡುತ್ತೇನೆಂಬ ವಾಕ್ಯಕ್ಕೆ ಸಹಿ ಹಾಕುವವರೂ ಅವರೇ. ಕರಾರಿನಲ್ಲಿ ಬಾಕಿ ಹಣದ ಗಡುವು ಸ್ಪಷ್ಟವಿಲ್ಲದಿದ್ದರೆ, ಪೂರ್ತಿ ಹಣ ಬರುವ ಮುನ್ನ ಮೂಲಪತ್ರ ಅಥವಾ ಅಧಿಕಾರಪತ್ರ ಕೈಬಿಟ್ಟರೆ ಸಂಕಷ್ಟ ಅವರದೇ. ಇಬ್ಬರಿಗೂ ಒಬ್ಬರೇ ವಕೀಲರಾದರೆ ಖರ್ಚು ಉಳಿಯುವುದೇನೋ ನಿಜ. ಮನಸ್ತಾಪ ಬಂದ ದಿನ ಆ ವಕೀಲರು ಯಾರ ಪರ ಮಾತಾಡಬೇಕು?

ಭೂದಾಖಲೆಗಳನ್ನು ಆಧುನೀಕರಿಸಿ, ಮುಂದೆ ಸರ್ಕಾರವೇ ಮಾಲೀಕತ್ವಕ್ಕೆ ಖಾತರಿ ಕೊಡುವ ಪದ್ಧತಿಯತ್ತ ಸಾಗುವ ಗುರಿಯ ಕೇಂದ್ರ ಯೋಜನೆ 2008ರಲ್ಲಿ ಆರಂಭವಾಯಿತು. ದಾಖಲೆಗಳು ಕಂಪ್ಯೂಟರಿಗೆ ಬಂದಿವೆ, ಇಸಿ ಮನೆಯಲ್ಲೇ ಸಿಗುತ್ತದೆ. ಖಾತರಿ ಮಾತ್ರ ಇನ್ನೂ ಬಂದಿಲ್ಲ. ಅದು ಬರುವವರೆಗೆ, ಜೀವಮಾನದ ಉಳಿತಾಯ ಕೈದಾಟುವ ಮುನ್ನ ‘ಈ ಪತ್ರ ಸರಿಯಿಲ್ಲ, ಕೊಳ್ಳಬೇಡಿ’ ಎಂದು ಹೇಳಬಲ್ಲವರಿಗೆ ಕೊಟ್ಟ ಶುಲ್ಕ, ಮನೆಯ ಬೆಲೆಯ ಮುಂದೆ ದೊಡ್ಡದೇನಲ್ಲ.